ಮಾವನ ಕಾರೂ ಅಂಟಕ್ಕನ ಹೆಬ್ಬೆರಳೂ

ಸೂರ್ಯ ಇನ್ನೂ ಕಣ್ಣುಜ್ಜುತ್ತಿದ್ದಾನೆ. ಕಾರು ತೊಳೆಯುವ ಶೆಡ್ಡಿನಲ್ಲಿ ಅಂಟಕ್ಕ ಆಗಲೇ ಸೆರಗು ಬಿಗಿದು, ಅಡುಗೆ ಎಣ್ಣೆಯ ಬಾಟಲಿ, ಮೆತ್ತನೆಯ ಬಟ್ಟೆ, ಹೇರ್ ಡ್ರೈಯರ್ ಸಾಲಾಗಿ ಇಟ್ಟುಕೊಂಡಿದ್ದಾರೆ. ಸ್ಟಿಕ್ಕರು, ಟೇಪು ಕಿತ್ತ ಮೇಲೆ ಕಾರಿನೊಳಗೆ ಉಳಿಯುವ ಹಾಳು ಗೋಂದು ಈ ಹೆಂಗಸಿನ ಹೆಬ್ಬೆರಳು ಕಂಡರೆ ತಾನಾಗಿ ಬಾಗಿಲು ತೆಗೆದುಕೊಂಡು ಇಳಿದು ಹೋಗುತ್ತದೆ. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅವರ ನಿಜವಾದ ಹೆಸರು ಮಾತ್ರ.

ಇವತ್ತಿನ ಮೊದಲ ಗಿರಾಕಿ ಒಬ್ಬ ಅಳಿಯ. ಮಾವನ ಹೊಸ ಕಾರನ್ನು ಎರಡು ದಿನಕ್ಕೆಂದು ತಂದು, ಡ್ಯಾಶ್‌ಬೋರ್ಡಿಗೆ ಫೋನಿನ ಸ್ಟ್ಯಾಂಡು ಅಂಟಿಸಿದ್ದಾನೆ. ಬಿಸಿಲಿಗೆ ಸ್ಟ್ಯಾಂಡು ಬಿದ್ದುಹೋಗಿ, ಬಿಸ್ಕತ್ತಿನಗಲದ ಕಪ್ಪು ಅಂಟು ಉಳಿದಿದೆ. ಅಳಿಯನ ಕಣ್ಣಿಗೆ ಅದು ಕೆರೆಯಗಲ.

"ಎಂಟು ಗಂಟೆಗೆ ಕೀ ವಾಪಸ್ ಕೊಡ್ಬೇಕು ಅಕ್ಕಾ. ಮಗಳನ್ನ ಕೊಡುವಾಗ್ಲೂ ಮಾವ ಇಷ್ಟು ಬುದ್ಧಿ ಹೇಳಿರ್ಲಿಲ್ಲ! ಮುಂದಿನ ತಿಂಗಳು ಹೆಂಡತಿಗೆ ಹೆರಿಗೆ. ರಾತ್ರಿ ಹೊತ್ತು ಮಾವಂಗೆ ಕಣ್ಣು ಕಾಣಲ್ಲ, ಕಾರು ಓಡಿಸ್ಬೇಕಾದವನು ನಾನೇ. ಇದನ್ನ ನೋಡಿದ್ರೆ ಮತ್ತೆ ಕೀ ಮುಟ್ಟೋಕೂ ಬಿಡಲ್ಲ."

ಹೇಳುತ್ತಲೇ ಜೇಬಿನಿಂದ ಹೆಂಡತಿಯ ಉಗುರುಬಣ್ಣ ತೆಗೆಯುವ ದ್ರಾವಣ ಹೊರತೆಗೆದು ಹತ್ತಿಗೆ ಸುರಿಯುತ್ತಾನೆ. ಅಂಟಕ್ಕ ಹದ್ದಿನಂತೆ ಎರಗಿ ಕೈ ಹಿಡಿಯುತ್ತಾರೆ.

"ಅಯ್ಯೋ ತಮ್ಮಾ, ಅಂಟಿನ ಜೊತೆ ಡ್ಯಾಶ್‌ಬೋರ್ಡೂ ಹೋಗುತ್ತೆ! ಪ್ಲಾಸ್ಟಿಕ್ ಬಿಳಿಚ್ಕೊಂಡ್ರೆ ಬ್ರಹ್ಮ ಬಂದ್ರೂ ಸರಿಹೋಗಲ್ಲ. ಥಿನ್ನರ್ ಬೇಡ, ಪೆಟ್ರೋಲ್ ಬೇಡ, ಬ್ಲೇಡಂತೂ ಬೇಡವೇ ಬೇಡ. ಸುಮ್ನೆ ಕೂತ್ಕೊಳ್ಳಿ."

ಕಾಣದ ಮೂಲೆಯಲ್ಲಿ ಮೊದಲು ಒಂದು ತೊಟ್ಟು ಎಣ್ಣೆ ಸವರಿ ಪರೀಕ್ಷಿಸುವುದು ಅಂಟಕ್ಕನ ಪದ್ಧತಿ. ಬಾಗಿಲ ಸಂದಿಗೆ ಬಗ್ಗಿದವರು ಅಲ್ಲೇ ನಿಲ್ಲುತ್ತಾರೆ. ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿಲ್ಲ, ಹಿಂದೆ ಹೂವಿನ ದಿಂಬು. ಈ ಕಾರು ಹೋದ ತಿಂಗಳೂ ಬಂದಿತ್ತು! ತಂದವರು ನರೆತ ಮೀಸೆಯ ಯಜಮಾನರು. ತಲೆಯಾಡಿಸುವ ಪುಟ್ಟ ಗೊಂಬೆ ನಾಯಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡು, ಹೆಂಡತಿಯ ಬೈಗುಳಕ್ಕೆ ಹೆದರಿ ಕಿತ್ತು, ಬೆವರುತ್ತಾ ಬಂದಿದ್ದರು. ಹೋಗುವಾಗ, "ಮನೇಲಿ ಯಾರಿಗೂ ಗೊತ್ತಾಗ್ಬಾರ್ದಮ್ಮ" ಎಂದು ಕೈಮುಗಿದಿದ್ದರು.

ಅಂಟಕ್ಕ ಬಂದ ನಗುವನ್ನು ಕೆಮ್ಮಾಗಿಸುತ್ತಾರೆ. ಡ್ರೈಯರಿನ ಹದವಾದ ಗಾಳಿಗೆ ಅಂಟು ಮೆತ್ತಗಾಗುತ್ತದೆ. ಎಣ್ಣೆ ಸವರಿ ಬಿಡುತ್ತಾರೆ.

ಅದು ನೆನೆಯುವ ಹೊತ್ತಿನಲ್ಲಿ ಅವರ ಕಥೆ ಹೊರಬರುತ್ತದೆ. ಮೊದಲು ಕಾರಿನ ಹೊರಮೈ ತೊಳೆಯುತ್ತಿದ್ದರಂತೆ. ಚಳಿಗಾಲದ ನೀರಿಗೆ ಬೆರಳುಗಳು ಬದನೆಕಾಯಿಯಷ್ಟು ಊದಿ, ರಾತ್ರಿ ತುತ್ತು ಹಿಡಿಯಲೂ ಆಗುತ್ತಿರಲಿಲ್ಲ. ಕೆಲಸ ಬಿಡುವ ಮಾತಾಡಿದಾಗ ಶೆಡ್ಡಿನ ಯಜಮಾನ ಕಾರಿನೊಳಗೆ ಕಳಿಸಿದ. ಅಂಟಿನ ಸಾಮ್ರಾಜ್ಯಕ್ಕೆ ಅಂದಿನಿಂದ ಗ್ರಹಣ. ದಿನಕ್ಕೆ ಇನ್ನೂರು ಕಾರು ಇರಬೇಕು ಎಂದು ಅಳಿಯ ಹೊಗಳಿದರೆ, "ನಾಲ್ಕು. ಒಂದೊಂದ್ಸಲ ಐದು" ಎಂದು ತಾವೇ ತಮ್ಮ ಮಾನ ಕಳೆದುಕೊಳ್ಳುತ್ತಾರೆ.

ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಡಬ್ಬಿ, ಬಾಟಲಿಗಳ ಚೀಟಿಗಳೆಲ್ಲ ಮಾಯ. "ನನ್ನ ಗಂಡ ಮೊನ್ನೆ ಚಹಾಕ್ಕೆ ಉಪ್ಪು ಹಾಕ್ಕೊಂಡ್ರು. 'ಪುಣ್ಯಕ್ಕೆ ನನ್ನ ಮೇಲೆ ಚೀಟಿ ಇಲ್ಲ, ಇದ್ದಿದ್ರೆ ನೀನು ಅದನ್ನೂ ಕಿತ್ತುಬಿಡ್ತಿದ್ದೆ' ಅಂತಾರೆ!"

ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ದೂಡಿದಾಗ ಅಂಟು ಸುರುಳಿಯಾಗಿ ಎದ್ದು ಬರುತ್ತದೆ. ಸೋಪು ನೀರಲ್ಲಿ ಹಿಂಡಿದ ಬಟ್ಟೆಯಿಂದ ಎಣ್ಣೆಯ ಜಿಡ್ಡು ತೆಗೆದು, ಒಣಬಟ್ಟೆಯಿಂದ ಒರೆಸಿದರೆ ಡ್ಯಾಶ್‌ಬೋರ್ಡು ಹುಟ್ಟಿದ ದಿನದಂತಿದೆ. "ಇನ್ಮೇಲೆ ಅಂಟಿಸೋದು ಬೇಡ" ಎಂದು ಅಂಟಕ್ಕ ಅದರ ಮೇಲೊಂದು ರಬ್ಬರ್ ಮ್ಯಾಟು ಹಾಸುತ್ತಾರೆ.

ಅಷ್ಟರಲ್ಲಿ, ವಾಕಿಂಗ್ ಹೊರಟ ಮಾವ ತಮ್ಮ ಕಾರು ಕಂಡು ಶೆಡ್ಡಿಗೇ ಬಂದುಬಿಡುತ್ತಾರೆ!

"ಏನು ಅಳಿಯಂದ್ರೇ, ಬೆಳಿಗ್ಗೆ ಬೆಳಿಗ್ಗೆ ಇಲ್ಲಿ?"

ಅಳಿಯ ಉಗುರುಬಣ್ಣದ ದ್ರಾವಣವನ್ನು ಬೆನ್ನ ಹಿಂದೆ ಬಚ್ಚಿಡುತ್ತಾನೆ. ಮಾವನ ಕಣ್ಣು ಅಂಟಕ್ಕನ ಮೇಲೆ ಬಿದ್ದು, ನರೆತ ಮೀಸೆಯ ಆ ಮುಖ ಸುಣ್ಣವಾಗುತ್ತದೆ.

"ನೀವಾ ಸಾರ್ ಕಾರಿನ ಯಜಮಾನ್ರು?" ಅಂಟಕ್ಕ ಜನ್ಮದಲ್ಲೇ ಕಾಣದವರಂತೆ ಕೇಳುತ್ತಾರೆ. "ಧೂಳು ಒರೆಸಿ ವಾಪಸ್ ಕೊಡೋಣ ಅಂತ ತಂದಿದಾರೆ."

ಇಬ್ಬರ ಉಸಿರೂ ಒಟ್ಟಿಗೆ ಹೊರಬಿದ್ದು ಶೆಡ್ಡಿನ ತಗಡು ಅಲುಗುತ್ತದೆ. ಮಾವ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿ, ಅಳಿಯನ ಬೆನ್ನು ತಟ್ಟುತ್ತಾರೆ. "ಕೀ ನಿಮ್ಮ ಹತ್ರಾನೇ ಇರ್ಲಿ. ಹೆರಿಗೆ ಆಗೋವರ್ಗೂ ಬೇಕಾಗುತ್ತಲ್ಲ."

ಅಳಿಯ ಕಾರು ಹಿಂದಕ್ಕೆ ತೆಗೆಯುವಾಗ, ಮಾವ ಅಂಟಕ್ಕನ ಹತ್ತಿರ ಬಂದು ಪಿಸುಗುಟ್ಟುತ್ತಾರೆ. "ಆ ನಾಯಿಮರಿ ಇನ್ನೂ ಬೀರುವಲ್ಲೇ ಇದೆ. ಅಂಟಿಲ್ಲದೆ ಕೂರಿಸೋಕಾಗುತ್ತಾ?"

"ರಬ್ಬರ್ ಮ್ಯಾಟ್ ಇದೆ ನೋಡಿ ಸಾರ್, ಅದರ ಮೇಲೆ ಕೂರಿಸಿ. ಅಳಿಯಂದ್ರೇ ಹಾಕಿಸಿದ್ದು. ಕಾರು ಅಂದ್ರೆ ಎಷ್ಟು ಕಾಳಜಿ ಅವರಿಗೆ!"

ಮಾವನ ಮೀಸೆ ಎರಡಂಗುಲ ಮೇಲೇಳುತ್ತದೆ. ಕಾರು ರಸ್ತೆಗಿಳಿಯುತ್ತದೆ. ಅಂಟಕ್ಕ ಬಟ್ಟೆ ಹಿಂಡಿ ಹರವುತ್ತಾರೆ.

"ನನ್ನ ಕೆಲಸ ಚೆನ್ನಾಗಾದ್ರೆ ಅಲ್ಲಿ ಏನೂ ಕಾಣಲ್ಲ. ಅದಕ್ಕೇ ಯಾರಿಗೂ ತೋರಿಸೋಕಾಗಲ್ಲ" ಎಂದು ನಗುತ್ತಾರೆ. ಆಸೆ? ಇದೆಯಂತೆ, ಒಂದೇ. "ಮಗು ಹುಟ್ಟಿದ ಮೇಲೆ ಆ ಕಾರು ಈ ದಾರೀಲೇ ಮನೆಗೆ ಹೋಗ್ಬೇಕು. ನಾಯಿಮರಿ ನನ್ನ ಕಡೆ ಒಂದ್ಸಲ ತಲೆ ಆಡಿಸಿದ್ರೆ ಸಾಕು."