ಅತ್ತೆಯ ಹಲ್ಲಿಗಾಗಿ ಹೈದರಾಬಾದಿಗೆ

ಸಂಕ್ರಾಂತಿ ಮುಗಿದು ಹತ್ತು ದಿನವಾಗಿತ್ತು. ಬೆಳಗಿನ ಆರು ಗಂಟೆಗೆ ನಾನೂ ನಮ್ಮ ಅತ್ತೆಯೂ ಹೈದರಾಬಾದಿಗೆಂದು ಮಸ್ಕಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಬಟ್ಟೆಬರೆಯ ಚೀಲ ನನ್ನ ಹೆಗಲಿಗೆ. ಅತ್ತೆಯ ಕೈಯಲ್ಲಿ ಎರಡು ಗಂಟು. ಒಂದರಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ. ಆ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಅವರ ಹಲ್ಲು.

ಶ್ರಾವಣದಲ್ಲಿ ನಮ್ಮ ಯಜಮಾನರು ತಾಯಿಯನ್ನು ಹೈದರಾಬಾದಿಗೆ ಕರೆದೊಯ್ದು ಪೂರ್ತಿ ಹಲ್ಲಿನ ಸೆಟ್ ಹಾಕಿಸಿದ್ದರು. ಹೊಸತರಲ್ಲಿ ಚೆನ್ನಾಗಿಯೇ ಕೂತಿತ್ತು. ಹಬ್ಬದ ಹೊತ್ತಿಗೆ ಬಾಯಲ್ಲಿ ಅಲುಗಾಡತೊಡಗಿತು. ಭೋಗಿಯ ದಿನ ಎಲ್ಲರೂ ಪಂಕ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿಯುತ್ತಿರುವಾಗ, ಅತ್ತೆ ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದುದನ್ನು ನಾನು ನೋಡಿಬಿಟ್ಟೆ. ಗುರುಗುಂಟಾದಿಂದ ಬಂದಿದ್ದ ಅವರ ತಂಗಿ ನೀಲಮ್ಮನೂ ನೋಡಿದರು.

"ಅಕ್ಕಾ, ನಿನ್ನ ರೊಟ್ಟಿ ಕಾಲ ಮುಗೀತು ಬಿಡು. ಇನ್ನ ಗಂಜಿ ಕುಡ್ಕೊಂತ ಕುಂದ್ರು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಹಲ್ಲು ಸರಿ ಆಗ್ಲಿಲ್ಲಂದ್ರ ನಾ ಇನ್ನ ಯಾರ ಪಂಕ್ತಿಗೂ ಕುಂದ್ರಂಗಿಲ್ಲ" ಎಂದು ಎದ್ದುಹೋದರು. ಅವರು ಆಡಿದ ಮಾತು ತಪ್ಪುವವರಲ್ಲ. ದವಾಖಾನೆಗೆ ಫೋನ್ ಮಾಡಿದರೆ, ಹಬ್ಬದ ರಜೆ, ಮುಗಿದ ಮೇಲೆ ಬನ್ನಿ ಎಂದರು. ಯಜಮಾನರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಹೀಗಾಗಿ ನಾವಿಬ್ಬರೇ ಹೊರಟದ್ದು.

ರಾಯಚೂರಿನವರೆಗೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಪ್ರಯಾಣ. ಸಿಂಧನೂರು ದಾಟುವಾಗ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಎರಡನೆಯ ಬೆಳೆಗೆ ನಾಟಿ ನಡೆದಿತ್ತು. ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಆ ಚಳಿಯಲ್ಲೂ ಕೆಸರಿಗೆ ಇಳಿದಿದ್ದರು. ರಾಯಚೂರಿನಲ್ಲಿ ಬಸ್ ಬದಲಿಸಿದೆವು. ಅಲ್ಲಿಂದ ಇಬ್ಬರ ಟಿಕೆಟ್ಟಿಗೆ ಆರುನೂರರ ಮೇಲಾಯಿತು. ಕೃಷ್ಣಾ ಸೇತುವೆಯ ಮೇಲೆ ಅತ್ತೆ ಕಿಟಕಿಯಿಂದ ಒಂದು ನಾಣ್ಯ ಎಸೆದು ಕೈ ಮುಗಿದರು. ಏನು ಬೇಡಿಕೊಂಡರೆಂದು ನಾನು ಕೇಳಲಿಲ್ಲ.

ಹೈದರಾಬಾದಿನ ಇಮ್ಲಿಬನ್ ನಿಲ್ದಾಣದಲ್ಲಿ ಇಳಿದಾಗ ಮೂರು ಗಂಟೆ. ಹಬ್ಬಕ್ಕೆ ಊರಿಗೆ ಹೋದವರೆಲ್ಲ ಮರಳಿಯಾಗಿತ್ತು, ಆದರೂ ಶಹರ ಇನ್ನೂ ಮೈಮುರಿಯುತ್ತಿದ್ದಂತೆ ಕಂಡಿತು. ಕರೆಂಟ್ ತಂತಿಗಳ ಮೇಲೆಲ್ಲ ಹಬ್ಬದ ಹರಿದ ಗಾಳಿಪಟಗಳು ನೇತಾಡುತ್ತಿದ್ದವು. ಅಂಗಡಿಗಳ ಮುಂದೆ ಉಳಿದ ಮಾಂಜಾ ದಾರದ ಉಂಡೆಗಳು ಅರ್ಧ ಬೆಲೆಗೆ ಬಿದ್ದಿದ್ದವು. ನಾಂಪಲ್ಲಿ ಹತ್ತಿರ ಒಂದು ಲಾಡ್ಜಿನಲ್ಲಿ ಚೀಲ ಇಟ್ಟು ಇರಾನಿ ಚಹಾದಂಗಡಿಗೆ ಹೋದೆವು. ಅತ್ತೆ ಬಿಸ್ಕೀಟನ್ನು ಚಹಾದಲ್ಲಿ ಪೂರ್ತಿ ಅದ್ದಿ, ಸೆರಗು ಮರೆ ಮಾಡಿಕೊಂಡು ನುಂಗಿದರು. ಸುತ್ತ ಯಾರೂ ಅವರನ್ನು ನೋಡುತ್ತಿರಲಿಲ್ಲ.

ಮರುದಿನ ಹತ್ತಕ್ಕೆ ದವಾಖಾನೆ. ನಾನು ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ಚೀಟಿ ಓದಿ, ಮಡಚಿ ಬದಿಗಿಟ್ಟು, ಅತ್ತೆಯನ್ನೇ ಉರ್ದುವಿನಲ್ಲಿ ಕೇಳಿದರು: ರಾತ್ರಿ ಹಲ್ಲು ಎಲ್ಲಿಡುತ್ತೀರಮ್ಮಾ?

ಅತ್ತೆ ಮಸ್ಕಿಯ ನೆರೆಮನೆಯಲ್ಲಿ ಕಲಿತ ಉರ್ದುವಿನಲ್ಲಿ ಹೆಮ್ಮೆಯಿಂದ ಹೇಳಿದರು: "ಅಲ್ಮಾರಿ ಮೇ ಜೀ. ಚಾಂದಿ ಕೆ ಸಾತ್."

ಬೀರುವಿನಲ್ಲಿ, ಬೆಳ್ಳಿಯ ಸಾಮಾನಿನ ಜೊತೆ! ಡಾಕ್ಟರ ಮುಖ ನೋಡಿ ನನಗೆ ಭೂಮಿಗೆ ಇಳಿದುಹೋದಂತಾಯಿತು. ಮನೆಯಲ್ಲಿ ನಮಗೆಲ್ಲ ಗೊತ್ತಿದ್ದ ಸಂಗತಿಯೇ ಅದು. ಅಷ್ಟು ದುಡ್ಡು ಕೊಟ್ಟು ತಂದ ವಸ್ತು ದಿನಾ ಹಾಕಿಕೊಂಡರೆ ಸವೆಯುತ್ತದೆಂದು ಅತ್ತೆ ಅದನ್ನು ಒಡವೆಯಂತೆ ಒರೆಸಿ, ಹತ್ತಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಮದುವೆ, ಬಸುರಿಯರ ಕುಬುಸದ ಕಾರ್ಯ, ಫೋಟೋ ಇದ್ದ ದಿನ ಮಾತ್ರ ಹೊರಗೆ ತೆಗೆಯುತ್ತಿದ್ದರು. ಅದು ತಪ್ಪೆಂದು ನನಗೂ ಹೊಳೆದಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ನೀರಿಲ್ಲದೆ ಒಣಗಿದರೆ ಸೆಟ್ಟಿನ ಆಕಾರ ಕೆಡುತ್ತದೆ, ದಿನಾ ಹಾಕದಿದ್ದರೆ ವಸಡಿಗೂ ರೂಢಿಯಾಗುವುದಿಲ್ಲ ಎಂದು ವಿವರಿಸಿದರು. ಒಳಗೆ ಹೊಸ ಪದರ ಕೊಟ್ಟು, ಎತ್ತರವಿದ್ದಲ್ಲಿ ತಿಕ್ಕಿ, ಮತ್ತೆ ಮತ್ತೆ ಕಚ್ಚಿಸಿ ನೋಡಿದರು. ಎರಡು ತಾಸು ಹಿಡಿಯಿತು. ಕೊನೆಗೆ, ಒಂದು ವಾರ ಮೆತ್ತಗಿನದನ್ನೇ ತಿನ್ನಿ ಎಂದು ಮೇಜಿನಿಂದ ಒಂದು ಬಾಳೆಹಣ್ಣು ತೆಗೆದು ಮುಂದೆ ಹಿಡಿದರು.

ಅತ್ತೆ ಹಣ್ಣನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಶೋಭಾ, ಗಂಟು ಬಿಚ್ಚು" ಎಂದರು.

"ಅತ್ತೀ, ಇಲ್ಲಿ ಬ್ಯಾಡ್ರೀ. ವಾರ ಮೆತ್ತಂದು ತಿನ್ನಬೇಕಂತ."

"ಬಾಳಿಹಣ್ಣಿಗೆ ಹಲ್ಲು ಯಾಕ ಬೇಕವ್ವಾ? ಬಿಚ್ಚು."

ಧೋತರ ಬಿಚ್ಚಿದೆ. ಇಷ್ಟು ದೂರದ ದಾರಿಯಲ್ಲೂ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಡಾಕ್ಟರು ಹಣೆ ಚಚ್ಚಿಕೊಂಡರು. "ಸರಿ, ಸಣ್ಣ ಚೂರು. ಮುಂದಿನ ಹಲ್ಲಲ್ಲಿ ಕಚ್ಚಬೇಡಿ, ಎರಡೂ ಬದಿಗೆ ಇಟ್ಟುಕೊಂಡು ನಿಧಾನಕ್ಕೆ" ಎಂದರು. ಅತ್ತೆ ಉಗುರಿನಷ್ಟಗಲದ ಎರಡು ಚೂರು ಮುರಿದು ಎರಡೂ ದವಡೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಕರ್ರುಂ.

ಹೊರಗೆ ಬೆಂಚಿನಲ್ಲಿ ಕಾದಿದ್ದವರು ಬಾಗಿಲಲ್ಲಿ ಇಣುಕಿದರು. ಇನ್ನೊಮ್ಮೆ ಕರ್ರುಂ. ಹಲ್ಲು ಅಲುಗಲಿಲ್ಲ. ಅತ್ತೆ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು, ಬಾಯಿ ಮಾತ್ರ ಅಗಿಯುತ್ತಲೇ ಇತ್ತು. ಡಾಕ್ಟರಿಗೂ ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆವು. ಅವರು ನಿಂತಲ್ಲೇ ತಿಂದು, "ಇದಕ್ಕೆ ನನ್ನ ಹಲ್ಲೇ ಸಾಲದು" ಎಂದರು.

ಬಸ್ಸಿಗೆ ಮುಂಚೆ ಮತ್ತೆ ಅದೇ ಚಹಾದಂಗಡಿ. ಈ ಸಲ ಅತ್ತೆ ಬಿಸ್ಕೀಟನ್ನು ಅದ್ದಲಿಲ್ಲ. ಸೆರಗು ಹೆಗಲ ಮೇಲೆಯೇ ಇತ್ತು. ನಾನೊಂದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಕೊಂಡೆ, ರಾತ್ರಿ ನೀರಿನಲ್ಲಿ ಹಲ್ಲಿಡಲು.

ಬಸ್ಸು ಹೈದರಾಬಾದ್ ಬಿಡುವಾಗ ತಂತಿಯ ಮೇಲಿನ ಗಾಳಿಪಟಗಳನ್ನು ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಅತ್ತೆ ಹಿಂದೆ ನೋಡಲಿಲ್ಲ. "ನೀಲವ್ವಗ ಫೋನ್ ಹಚ್ಚು" ಎಂದರು.

"ಅಕ್ಕಾ, ಏನಾತು? ಡಾಕ್ಟರು ಏನಂದ್ರು?" ಎಂದು ಗುರುಗುಂಟಾದಿಂದ ನೀಲಮ್ಮ ಕೇಳಿದರು.

ಅತ್ತೆ ಗಂಟಿನಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಫೋನನ್ನು ದವಡೆಯ ಹತ್ತಿರ ಹಿಡಿದು ರೊಟ್ಟಿ ಅಗಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಯವ್ವಾ... ರೊಟ್ಟಿ ಏನ ಅದು?" ಎಂದರು ನೀಲಮ್ಮ. "ಐತ್ವಾರ ಬರ್ತೀನಿ ತಡಿ. ಕಣ್ಣಾರೆ ನೋಡಬೇಕು."

"ಬಾ, ಪಂಕ್ತಿಗೆ ನನ್ನ ಬಾಜೂಕ ಕುಂದ್ರುವಂತಿ" ಎಂದರು ಅತ್ತೆ. "ಆದ್ರ ಒಂದು ಮಾತು. ನಮ್ಮನ್ಯಾಗ ಗಂಜಿ ಸಿಗಂಗಿಲ್ಲ."