ಸಾಕಲಿಕ್ಕೆ ಒಯ್ದ ಕೋಳಿಗಳು

ಕದರಮಂಡಲಗಿಯ ಶಾರದವ್ವ ಐವತ್ತು ದಾಟುವವರೆಗೂ ಕೋಳಿ ಮುಟ್ಟಿದವಳಲ್ಲ. ತವರೂ ಲಿಂಗಾಯತರ ಮನೆ, ಗಂಡನದೂ ಲಿಂಗಾಯತರ ಮನೆ. ಎರಡೂ ಕಡೆ ತತ್ತಿ ಎಂಬ ಮಾತು ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥವಳ ಕೈಯಲ್ಲಿ ಬೆಳೆದ ಜವಾರಿ ಕೋಳಿಗೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಗಳಿಂದ ಮಂದಿ ಕಾರು ಮಾಡಿಕೊಂಡು ಬರುವಂತಾದದ್ದು ಹೇಗೆಂದು ಕೇಳಿದರೆ ಅವಳು ಬೇಲಿಯ ಆಚೆ ಕೈ ತೋರಿಸುತ್ತಾಳೆ. ಅಲ್ಲಿರುವುದು ರಹಿಮತಬಿಯ ಮನೆ.

ರಹಿಮತಬಿ ಬಹಳ ವರ್ಷದಿಂದ ಕೋಳಿ ಸಾಕಿದವಳು. ಅವಳ ಗಂಡ ಫಕ್ಕೀರಸಾಬ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಹಾವೇರಿಗೆ ಕೊಟ್ಟಿದ್ದ ಮಗಳು ಬೇನಜೀರ ಬಸುರಿಯಾದಾಗ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದರು. ತಾಯಿ ಹೊರಡಲೇಬೇಕಾಯಿತು.

"ಶಾರದಕ್ಕಾ, ಮುಂಜಾನೆ ಒಂದೀಟು ನುಚ್ಚು ಚೆಲ್ಲಿದರ ಸಾಕು. ಸಂಜಿಮುಂದ ತಾವ ಬಂದು ಬುಟ್ಟಿ ಹೊಗತಾವು. ಹದಿನೈದು ದಿನದಾಗ ಬಂದಬಿಡ್ತೇನಿ," ಎಂದು ಹೇಳಿ, ಕೋಳಿಬುಟ್ಟಿಗಳನ್ನು ಶಾರದವ್ವನ ಹಿತ್ತಲಲ್ಲಿ ಇಟ್ಟು ಹೋದಳು.

ಹದಿನೈದು ದಿನ ಎಂದದ್ದು ಮಳೆಗಾಲ ಪೂರ್ತಿ ಹಿಡಿಯಿತು. ಶಾರದವ್ವ ಮೊದಮೊದಲು ಸೆರಗನ್ನು ಮೂಗಿಗೆ ಹಿಡಿದು ದೂರದಿಂದಲೇ ನುಚ್ಚು ಎಸೆಯುತ್ತಿದ್ದಳು. ಆಮೇಲೆ ಬುಟ್ಟಿಯಲ್ಲಿ ತತ್ತಿ ಕಾಣತೊಡಗಿದವು. ಬೇರೆಯವರ ಮನೆಯಾಗಿದ್ದರೆ ಅವು ಹಂಚಿನ ಮೇಲೆ ಬೀಳುತ್ತಿದ್ದವು, ಇಲ್ಲ ಅಂಗಡಿಗೆ ಹೋಗುತ್ತಿದ್ದವು. ಇವಳಿಗೆ ತಿನ್ನುವುದಂತೂ ಇಲ್ಲ, ಮುಟ್ಟಿ ಮಾರಲಿಕ್ಕೂ ಮನಸ್ಸು ಬರಲಿಲ್ಲ. ಇದ್ದಲ್ಲೇ ಇರಲಿ ಎಂದು ಬಿಟ್ಟಳು. ಹೇಂಟೆಗಳಿಗೆ ಇದಕ್ಕಿಂತ ಒಳ್ಳೆಯ ಯಜಮಾನಿ ಎಲ್ಲಿ ಸಿಗಬೇಕು? ಒಂದರ ಹಿಂದೆ ಒಂದು ಕಾವಿಗೆ ಕೂತವು. ರಹಿಮತಬಿ ಮೊಮ್ಮಗಳನ್ನು ಎತ್ತಿಕೊಂಡು ಊರಿಗೆ ಬರುವಷ್ಟರಲ್ಲಿ ಹಿತ್ತಲೆಂಬುದು ಮರಿಗಳಿಂದ ತುಂಬಿಹೋಗಿತ್ತು.

"ಲಿಂಗ ಕಟ್ಟಿದ ಮನ್ಯಾಗ ಇವೇನ?" ಎಂದು ಗಂಡ ಪ್ರಭುಲಿಂಗಪ್ಪ ದಿನಾ ಕೇಳುತ್ತಿದ್ದ.

"ನಮ್ಮವಲ್ಲ ಬಿಡ್ರಿ, ರಹಿಮತಬಿವು," ಎಂದು ಅವಳು ದಿನಾ ಹೇಳುತ್ತಿದ್ದಳು.

ಆದರೆ ರಹಿಮತಬಿ ತನ್ನ ಹಳೆಯ ಕೋಳಿಗಳನ್ನಷ್ಟೇ ಬೇಲಿಯಾಚೆ ಹೊಡೆದುಕೊಂಡು ಹೋದಳು. "ಮರಿ ನಿಮ್ಮವು ಅಕ್ಕಾ. ಕಾವಿಗೆ ಕುಂದ್ರಿಸಿದವರು ನೀವು. ನಾನಾಗಿದ್ದರ ಅರ್ಧ ತತ್ತಿ ನಮ್ಮ ಮನಿಯವರ ತಿಂದು ತೀರಿಸ್ತಿದ್ದರು," ಎಂದಳು. ಹೀಗೆ ಶಾರದವ್ವ ಕೋಳಿಗಳ ಒಡತಿಯಾದಳು.

ಪ್ರಭುಲಿಂಗಪ್ಪನ ಸಿಟ್ಟು ಮೆಣಸಿನಕಾಯಿ ಹಂಗಾಮಿನವರೆಗೆ ನಡೆಯಿತು. ಕೋಳಿಗಳು ತಿಪ್ಪೆ ಕೆದರಿ ಗೊಣ್ಣೆಹುಳ ಹೆಕ್ಕಿದವು. ಮನೆಯ ಹಿಂದಿನ ಹೊಲದ ಗಿಡಗಳ ಬುಡದಲ್ಲಿ ಆ ವರ್ಷ ಹುಳದ ಕಾಟ ಕಡಿಮೆಯಾಯಿತು. ಕಣದಲ್ಲಿ ಹೆಂಗಸರು ಕಾಯಿಯ ತೊಟ್ಟು ಮುರಿಯುವಾಗ ಉದುರಿದ ಬೀಜವನ್ನೆಲ್ಲ ಅವೇ ಬಳಿದು ತಿಂದವು. ಖಾರವೆಂಬುದು ಅವಕ್ಕೆ ತಿಳಿಯುವುದೇ ಇಲ್ಲ ಎಂಬುದನ್ನು ಪ್ರಭುಲಿಂಗಪ್ಪ ಕಣ್ಣಾರೆ ಕಂಡು, ಚಹಾದಂಗಡಿಯಲ್ಲಿ ತಾನೇ ಕಂಡುಹಿಡಿದವನ ಹಾಗೆ ಹೇಳತೊಡಗಿದ. ಬ್ಯಾಡಗಿ ಕಾಯಿಯ ಬೀಜ ತಿಂದ ಕೋಳಿಯ ರುಚಿ ಬೇರೆಯೇ ಎಂದೂ ಸೇರಿಸಿದ. ರುಚಿ ಅವನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅಷ್ಟಾದರೂ ಅವನ ಬಾಯಲ್ಲಿ ಕೋಳಿ ಎಂಬ ಶಬ್ದ ಬರಲಿಲ್ಲ. "ನಮ್ಮ ಪಕ್ಷಿಗಳು" ಎನ್ನುತ್ತಿದ್ದ.

ಮೊದಲ ಗಿರಾಕಿ ಬಂದದ್ದು ಒಂದು ಶನಿವಾರ. ಆಂಜನೇಯನ ದರ್ಶನಕ್ಕೆ ಆ ದಿನ ಊರಿಗೆ ಮಂದಿ ಬರುತ್ತಾರೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅಧಿಕಾರಿಯಾಗಿದ್ದ ಚೇತನಕುಮಾರ ದರ್ಶನ ಮುಗಿಸಿ ಹೊರಟವನು, ಕಣದಲ್ಲಿ ಓಡಾಡುತ್ತಿದ್ದ ಹುಂಜಗಳನ್ನು ಕಂಡು ಕಾರು ನಿಲ್ಲಿಸಿದ. ಶನಿವಾರ ಅವನು ಬಾಯಿಗೆ ಈರುಳ್ಳಿ ಕೂಡ ಹಾಕುವವನಲ್ಲ. ಭಾನುವಾರದ ಮಾತು ಬೇರೆ.

"ಅವ್ವಾರ, ಕೋಳಿ ಕೊಡ್ತೀರೇನ್ರಿ?"

"ಯಾಕ್ರಿ?" ಎಂದಳು ಶಾರದವ್ವ. ಚೇಷ್ಟೆಗೆ ಕೇಳಿದ್ದಲ್ಲ. ಹುಟ್ಟಿದಾಗಿನಿಂದ ಅವಳ ಹತ್ತಿರ ಯಾರೂ ಕೋಳಿ ಕೇಳಿರಲಿಲ್ಲ.

ಚೇತನಕುಮಾರ ಅವಳ ಹಣೆಯ ವಿಭೂತಿ ನೋಡಿದ, ಕೊರಳಿನ ಲಿಂಗ ನೋಡಿದ. ಅವನ ಹಣೆಯ ಮೇಲೂ ಸಿಂಧೂರ ಇನ್ನೂ ಹಸಿಯಾಗಿತ್ತು. ಬಾಯಿಗೆ ಬಂದ ಮಾತನ್ನು ನುಂಗಿ, "ಸಾಕಾಕ್ರಿ," ಎಂದ.

ಅದು ಮರ್ಯಾದೆಗೆ ಹೇಳಿದ ಸುಳ್ಳು. ಶಾರದವ್ವನ ಎದೆಯ ಭಾರ ಇಳಿಯಿತು. ಚುಕ್ಕಿ ಎಂದು ಅವಳು ಕರೆಯುತ್ತಿದ್ದ ಹೇಂಟೆಯನ್ನೇ ಹಿಡಿದು ಕೊಟ್ಟಳು. "ಹೊಸಾ ಜಾಗ, ಎರಡು ದಿನ ಕಟ್ಟಿ ಹಾಕ್ರಿ. ನಿಮ್ಮ ಕಡೆ ಮುಂಗುಸಿ ಅದಾವೇನು? ಬುಟ್ಟಿ ಮ್ಯಾಲ ಕಲ್ಲು ಹೇರ್ರಿ," ಎಂದು ಹೇಳಿದಳು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಕೊಂಡ.

ಸೋಮವಾರ ಕಚೇರಿಯಲ್ಲಿ ಆ ಕೋಳಿಯ ಗುಣಗಾನವಾಯಿತು. ಜೊತೆಗೆ ಎಚ್ಚರಿಕೆಯೂ ಹೋಯಿತು: ಅಲ್ಲಿ ಹೋದರೆ ಸಾಕಲಿಕ್ಕೆ ಎಂದೇ ಹೇಳಬೇಕು. ಆಮೇಲೆ ಬಂದವರೆಲ್ಲ ಕಾರಿನಿಂದ ಇಳಿಯುತ್ತಲೇ ಅದನ್ನೇ ಹೇಳಿದರು. ವಕೀಲರು ಸಾಕಲಿಕ್ಕೆ ಒಯ್ದರು, ಕಾಂಟ್ರ್ಯಾಕ್ಟರರು ಒಯ್ದರು, ಮಗಳ ಮದುವೆಯ ಮರುದಿನ ಬೀಗರೂಟ ಇಟ್ಟುಕೊಂಡಿದ್ದವನೊಬ್ಬ ಗೂಡ್ಸ್ ಗಾಡಿಯನ್ನೇ ತಂದು ಸಾಕಲಿಕ್ಕೆ ಒಯ್ದ. ಶಾರದವ್ವ ನಂಬಿದ್ದಳೋ ಇಲ್ಲವೋ ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ. ಆ ಮಾತೊಂದು ಕಿವಿಗೆ ಬಿದ್ದರೆ ಅವಳ ಕೈ ಬುಟ್ಟಿಯ ಮುಚ್ಚಳಕ್ಕೆ ಹೋಗುತ್ತಿತ್ತು, ಅಷ್ಟೆ.

ಖರೇ ಹೇಳಿದವನು ಒಬ್ಬನೇ. ಬ್ಯಾಡಗಿಯಲ್ಲಿ ಕೋಳಿಯಂಗಡಿ ಇಟ್ಟ ಯೂಸುಫಸಾಬ ಬಂದು ಕಟ್ಟೆಯ ಮೇಲೆ ಕೂತ. ಯಾಕೆ ಬೇಕು ಎಂದು ಕೇಳಿದಾಗ, "ಕೊಯ್ಯಾಕ್ರಿ ಅವ್ವಾರ. ನನ್ನ ದಂಧೇನ ಅದು," ಎಂದ. ಶಾರದವ್ವ ಕುಡಿಯಲಿಕ್ಕೆ ನೀರು ಕೊಟ್ಟಳು, ಕೋಳಿ ಕೊಡಲಿಲ್ಲ. ಅವನು ಬರಿಗೈಯಲ್ಲಿ ಹೋದ.

ಚೇತನಕುಮಾರನ ಪಾಡು ಮಾತ್ರ ವಾರದಿಂದ ವಾರಕ್ಕೆ ಬಿಗಿಯಾಯಿತು. ಕಾರು ನಿಂತ ಕೂಡಲೇ ಶಾರದವ್ವ ಕೇಳುತ್ತಿದ್ದಳು.

"ಚುಕ್ಕಿ ಹೆಂಗ ಐತ್ರಿ?"

"ಆರಾಮ ಐತ್ರಿ."

"ತತ್ತಿ ಇಡಾಕತ್ತತೇನು?"

"ಇಡಾಕತ್ತತ್ರಿ."

ಮುಂದಿನ ಸಲ ಅದು ಕಾವಿಗೆ ಕೂತಿತು. ಅದರ ಮುಂದೆ ಮರಿ ಮಾಡಿತು. ಒಂದು ಮರಿಯನ್ನು ಹದ್ದು ಒಯ್ದಿತು ಎಂದಾಗ ಶಾರದವ್ವ ಎಷ್ಟು ನೊಂದುಕೊಂಡಳೆಂದರೆ, ಇದನ್ನು ಹೇಳಬಾರದಿತ್ತು ಎಂದು ಚೇತನಕುಮಾರನಿಗೂ ಕೆಡುಕೆನಿಸಿತು. ಉಗಾದಿಯ ಹೊತ್ತಿಗೆ, ಎಂದೋ ಸಾರಾಗಿಹೋಗಿದ್ದ ಚುಕ್ಕಿಗೆ ರಾಣೆಬೆನ್ನೂರಿನಲ್ಲಿ ದೊಡ್ಡ ಸಂಸಾರವೇ ಆಗಿತ್ತು.

ಆ ಸಂಸಾರ ನೋಡುವ ಆಸೆ ಶಾರದವ್ವನಿಗೆ ಹುಟ್ಟಿದ್ದು ಸಹಜವೇ. ಮೊಮ್ಮಗಳಿಗೆ ಅಂಗಿ ತರಲು ರಹಿಮತಬಿ ರಾಣೆಬೆನ್ನೂರಿಗೆ ಹೊರಟಾಗ ತಾನೂ ಬರುತ್ತೇನೆಂದಳು. ಹಿಂದಿನ ದಿನ ಚೇತನಕುಮಾರನಿಗೆ ಫೋನು ಮಾಡಿಸಿ, "ನಾಳೆ ನಿಮ್ಮ ಮನೀಗೆ ಬರಾಕತ್ತೇವಿ. ಊಟಕ್ಕ ಏನೂ ಮಾಡಬ್ಯಾಡ್ರಿ, ಚುಕ್ಕೀನ್ನ ನೋಡಿ ಬಂದುಬಿಡ್ತೇವಿ," ಎಂದು ತಿಳಿಸಿದಳು.

ಮನೆ ಎಂದರೆ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಹಿಡಿದ ಮಹಡಿ. ಕೆಳಗೆ ಗೊಬ್ಬರದ ಅಂಗಡಿ, ಮುಂದೆ ಆಟೋಗಳ ಸಾಲು. ಗುಬ್ಬಿ ಇಳಿಯಲಿಕ್ಕೂ ಮಣ್ಣಿರಲಿಲ್ಲ. ಚೇತನಕುಮಾರ ಬಾಗಿಲಲ್ಲೇ ನಿಂತಿದ್ದ. ಅವನ ಹೆಂಡತಿ ಚಹಾ ಕೊಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

"ಮ್ಯಾಲ ಮಾಳಿಗಿ ಮ್ಯಾಲ ಅದಾವ್ರಿ," ಎಂದು ಅವನು ಮೆಟ್ಟಿಲು ಹತ್ತಿಸಿದ.

ನೀರಿನ ತೊಟ್ಟಿಯ ನೆರಳಿನಲ್ಲಿ, ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಎರಡು ಕೋಳಿ ಕೂತಿದ್ದವು. ಫಾರ್ಮಿನ ಕೋಳಿಗಳು. ಮೈ ಕೆಂಪಗೆ ಊದಿತ್ತು, ಚುಂಚಿನ ತುದಿ ಕತ್ತರಿಸಿದ್ದರು. ಬಿಸಿಲ ಝಳಕ್ಕೆ ಬಾಯಿ ತೆರೆದು ಏದುತ್ತಿದ್ದವು. ಮುಂದೆ ಚೆಲ್ಲಿದ ಜೋಳವನ್ನು ಕುಟುಕುವುದೂ ಅವಕ್ಕೆ ಬರುತ್ತಿರಲಿಲ್ಲ.

"ಇದು ಚುಕ್ಕಿ," ಎಂದ ಚೇತನಕುಮಾರ. "ಉಳದವು ಊರ ಹೊರಗ ತ್ವಾಟದಾಗ ಅದಾವ್ರಿ."

ಅದರ ಮೈಮೇಲೆ ಹುಡುಕಿದರೂ ಒಂದು ಚುಕ್ಕೆ ಇರಲಿಲ್ಲ. ರಹಿಮತಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬೇರೆ ಕಡೆ ತಿರುಗಿದಳು. ಶಾರದವ್ವ ಆ ಕೋಳಿಯ ಬೆನ್ನು ಸವರಿದಳು. ಕತ್ತರಿಸಿದ ಚುಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಚಲೋ ಸಾಕೀರಿ," ಎಂದಳು. "ಮೈಯಾಗ ಆಗ್ಯಾವು. ಒಂದೀಟು ನೀರು ಇಡ್ರಿ."

ಬಸ್ಸಿನಲ್ಲಿ ಕೂತ ಮೇಲೆ ರಹಿಮತಬಿ ತಡೆದಿದ್ದ ನಗುವನ್ನು ಬಿಟ್ಟಳು. ಶಾರದವ್ವ ನಗಲಿಲ್ಲ.

"ನಿಮಗ ಗೊತ್ತಿರಲಿಲ್ಲೇನು ಅಕ್ಕಾ?" ಎಂದು ರಹಿಮತಬಿ ಮೆತ್ತಗೆ ಕೇಳಿದಳು.

"ಗೊತ್ತಿತ್ತು. ಗೊತ್ತಿರದ ಏನು? ತಿಂದರ ತಿನ್ನಲಿ, ಅದು ಅವರ ಹಣೇಬಾರ. ಆದರ ಆ ಚೊಂಚ ಕತ್ತರಿಸಿದ ದಿಂಡನ್ನ ತೋರಿಸಿ ನಿನ್ನ ಚುಕ್ಕಿ ಅಂದನಲ್ಲ. ನನ್ನ ಕೋಳಿ ನನಗ ಗುರುತು ಸಿಗೂದಿಲ್ಲಂತ ತಿಳಕೊಂಡಾನ."

ಮುಂದಿನ ಶನಿವಾರ ಚೇತನಕುಮಾರ ಬರಲಿಲ್ಲ. ಬಂದವನು ಹಾವೇರಿಯ ಸುಭಾಷ ಎಂಬ ಬಟ್ಟೆಯಂಗಡಿಯವನು. ಕಾರಿನಿಂದ ಇಳಿಯುತ್ತಲೇ ಸಾಕಲಿಕ್ಕೆ ಎಂದ.

"ಸಾಕಾಕಾದರ ಕೊಡೂದಿಲ್ಲರಿ," ಎಂದಳು ಶಾರದವ್ವ.

"ಮತ್ತ?"

"ತಿನ್ನಾಕಾದರ ಒಯ್ರಿ."

ಸುಭಾಷನಿಗೆ ದಿಕ್ಕು ತೋಚಲಿಲ್ಲ. ಈಗ ತಾನೇ ಗಂಟೆ ಬಾರಿಸಿ ಬಂದವನು, ಹಣೆಯ ಮೇಲೆ ಸಿಂಧೂರ, ಎದುರಿಗೆ ವಿಭೂತಿ ಹಚ್ಚಿದ ಹೆಂಗಸು. ಕಟ್ಟೆಯ ಮೇಲೆ ಕೂತು ನೀರು ಕುಡಿದ, ಗೋವಿನಜೋಳದ ಧಾರಣೆ ಕೇಳಿದ, ಮಳೆಯ ಮಾತು ಆಡಿದ. ಕೊನೆಗೆ ನೆಲ ನೋಡುತ್ತ, ಕಿವಿಗೆ ಬಿದ್ದೂ ಬೀಳದ ಹಾಗೆ, "ತಿನ್ನಾಕ್ರಿ," ಎಂದ.

ಆ ಮಾತಿಗೆ ಕಾದಿದ್ದವಳು ಅದನ್ನು ಕೇಳಿದ ಮೇಲೂ ಕೂಡಲೇ ಬುಟ್ಟಿಗೆ ಕೈ ಹಾಕಲಿಲ್ಲ. ಚುಕ್ಕಿಯೊಂದನ್ನು ಬಿಟ್ಟರೆ ಇಷ್ಟು ದಿನ ಗಿರಾಕಿ ಬೆರಳು ಮಾಡಿದ ಕೋಳಿಯನ್ನು ಹಿಡಿದು ಕೊಡುತ್ತಿದ್ದಳು. ಈಗ ಯಾವುದು ಹೋಗಬೇಕು ಎಂಬುದನ್ನು ತಾನೇ ನೋಡಬೇಕೆನಿಸಿತು. ಜಗಳಗಂಟ ಹುಂಜವೊಂದನ್ನು ಆರಿಸಿ, ಕಾಲು ಕಟ್ಟಿ ಕೊಟ್ಟಳು. ಆ ಮಧ್ಯಾಹ್ನ ರೊಟ್ಟಿ ಮುರಿಯಲಿಲ್ಲ. ಸಂಜೆ ಫಕ್ಕೀರಸಾಬನ ಕೈಯಲ್ಲಿ, ಅಂದು ಬರಿಗೈಯಲ್ಲಿ ಹೋಗಿದ್ದ ಯೂಸುಫಸಾಬನಿಗೆ ಬರಹೇಳಿ ಕಳಿಸಿದಳು.

ಹೆಚ್ಚು ಪೇಚಾಡಿದವನು ಪ್ರಭುಲಿಂಗಪ್ಪ. "ನಮ್ಮ ಅಂಗಳದಾಗ ನಿಂತು ಮಂದಿ ಬಾಯಿ ಬಿಟ್ಟು ಹಂಗ ಅನಬೇಕೇನು? ಮೊದಲಿನದ ಚಲೋ ಇತ್ತಲ್ಲ," ಎನ್ನುತ್ತಿದ್ದ. ಕಾರಿನ ಸದ್ದು ಕೇಳಿದರೆ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಗಿರಾಕಿ ಮಾತ್ರ ಕಡಿಮೆಯಾಗಲಿಲ್ಲ. ಬೇರೆ ಕಡೆ ಫಾರ್ಮಿನ ಕೋಳಿಗೆ ಜವಾರಿ ಎಂದು ಹೆಸರಿಟ್ಟು ಮಾರುತ್ತಾರೆ, ಈ ಅವ್ವನ ಹತ್ತಿರ ಸುಳ್ಳು ನಡೆಯುವುದಿಲ್ಲ ಎಂದು ಮಂದಿ ಆಡಿಕೊಂಡರು. ಎರಡು ತಿಂಗಳು ಬಿಟ್ಟು ಚೇತನಕುಮಾರನೂ ಬಂದ. ಯಾರ ಆರೋಗ್ಯವನ್ನೂ ಯಾರೂ ಕೇಳಲಿಲ್ಲ.

ಆ ಹೊತ್ತಿಗೆ ಊರ ಶಾಲೆಗೆ ಶ್ರೀದೇವಿ ಎಂಬ ಟೀಚರು ವರ್ಗವಾಗಿ ಬಂದಳು. ಬಾಡಿಗೆ ಮನೆಗೆ ಹಿತ್ತಲಿತ್ತು. ಎರಡು ಹೇಂಟೆ ಇಟ್ಟುಕೊಂಡರೆ ಒಂಟಿ ಜೀವಕ್ಕೆ ಸದ್ದಾದರೂ ಆಗುತ್ತದೆಂದು ಶಾರದವ್ವನ ಹತ್ತಿರ ಬಂದಳು.

"ಯಾಕ ಬೇಕವ್ವಾ?"

"ಸಾಕಾಕ್ರಿ."

"ಇಲ್ಲ ಹೋಗು," ಎಂದು ಶಾರದವ್ವ ಮುಖ ತಿರುಗಿಸಿದಳು. ಟೀಚರು ಎಷ್ಟು ಆಣೆ ಮಾಡಿದರೂ ಬುಟ್ಟಿಯ ಮುಚ್ಚಳ ತೆರೆಯಲಿಲ್ಲ. ಬೇಲಿಯ ಆಚೆಯಿಂದ ನೋಡುತ್ತಿದ್ದ ರಹಿಮತಬಿ ಅವಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಮರುದಿನ ಟೀಚರು ಮತ್ತೆ ಬಂದು, ಕಣ್ಣಲ್ಲಿ ನೀರು ತಂದುಕೊಂಡು, "ತಿನ್ನಾಕ್ರಿ," ಎಂದಳು. ಹೇಂಟೆ ಸಿಕ್ಕವು.

ಗೌರಿಹುಣ್ಣಿಮೆಯ ಆಸುಪಾಸು ಶಾರದವ್ವ ರಹಿಮತಬಿಯ ಜೊತೆ ಶಾಲೆಯ ಹಿಂದಿನ ದಾರಿಯಲ್ಲಿ ಬರುತ್ತಿದ್ದಳು. ತಾನು ತಿನ್ನಲಿಕ್ಕೆ ಕೊಟ್ಟಿದ್ದ ಹೇಂಟೆ ಟೀಚರ ಹಿತ್ತಲಲ್ಲಿ ಮರಿಗಳನ್ನು ಕಟ್ಟಿಕೊಂಡು ಮಣ್ಣು ಕೆದರುತ್ತಿತ್ತು. ಅವಳು ಅಲ್ಲೇ ನಿಂತಳು.

"ತಿನ್ನಾಕ ಅಂತ ಹೇಳಿ ಒಯ್ದಿದ್ದಿಯಲ್ಲವ್ವಾ," ಎಂದಳು ಬಾಗಿಲಿಗೆ ಬಂದ ಟೀಚರಿಗೆ. "ನೀನೂ ಸುಳ್ಳ ಹೇಳಿದಿ."

ಟೀಚರು ರಹಿಮತಬಿಯ ಕಡೆ ನೋಡಿದಳು. ರಹಿಮತಬಿ ಆಕಾಶ ನೋಡಿದಳು.

"ತಪ್ಪಾತ್ರಿ ಅವ್ವಾರ," ಎಂದಳು ಟೀಚರು. ಶಾರದವ್ವ ಗೇಟು ದೂಡಿ ಒಳಗೆ ಬಂದಳು, ಚಪ್ಪಲಿ ಬಿಟ್ಟು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಳು. ಒಂದು ಮರಿ ಬಂದು ಅವಳ ಸೀರೆಯ ಅಂಚನ್ನು ಕುಟುಕಿತು.

"ಇದು ಯಾಕ ಕಾಲು ಎಳ್ಯಾಕತ್ತತಿ?" ಎಂದಳು. "ಒಂದೀಟು ಅರಿಷಿಣ ತಗೊಂಡು ಬಾ. ಎಣ್ಣಿನೂ ತಾ."