ಪರೀಕ್ಷೆಗೆ ಬಂದ ಅಧ್ಯಾಯ

ಪುಸ್ತಕ ಪ್ರಕಾಶನದಲ್ಲೇ ಕೆಲಸ ಹಿಡಿಯಬೇಕೆಂದು ಶಿಡ್ಲಘಟ್ಟದ ಕಹಕಶಾನ್ ಕನ್ನಡ ಎಂ.ಎ.ಗೆ ಸೇರಿದವಳು. ಬೆಂಗಳೂರಿನ ಪ್ರಕಾಶಕನೊಬ್ಬ, ಕೆಲಸಕ್ಕೆ ಮುಂಚಿನ ಪರೀಕ್ಷೆಯೆಂದು ಹೊಸ ಕಾದಂಬರಿಯೊಂದರ ಮೂರನೇ ಅಧ್ಯಾಯ ಕಳಿಸಿ ತಿದ್ದಿಕೊಡಲು ಹೇಳಿದ. ಅಪ್ಪ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಹಬೆಯಲ್ಲೇ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿ ಕಳಿಸಿದಳು. ಉತ್ತರವೇ ಬರಲಿಲ್ಲ.

ಕೊನೆಗೆ ಕಾಲೇಜಿನ ಲೈಬ್ರರಿಗೆ ಆ ಕಾದಂಬರಿಯೇ ಬಂತು. ಅವಳು ತಿದ್ದಿದ ವಾಕ್ಯಗಳು ಒಂದಕ್ಷರ ಬದಲಾಗದೆ ಅಚ್ಚಾಗಿದ್ದವು. ಸಹಪಾಠಿ ಶ್ರೀವಿದ್ಯಾ ಬಗ್ಗಿ ನೋಡಿ, "ನಾಲ್ಕನೇದು ನಾನು ತಿದ್ದಿದ್ದು ಕಣೇ. ನಂಗೂ ಪರೀಕ್ಷೆ ಅಂತ್ಲೇ ಕೊಟ್ಟಿದ್ರು" ಅಂದಳು. ಕೆಲಸದ ಆಸೆ ತೋರಿಸಿಯೇ ಆ ಪುಣ್ಯಾತ್ಮ ಇಡೀ ಪುಸ್ತಕವನ್ನು ಬಿಟ್ಟಿಯಾಗಿ ತಿದ್ದಿಸಿಕೊಂಡಿದ್ದ. ಇಬ್ಬರೂ ಅವನಿಗೆ ಹಿಡಿಶಾಪ ಹಾಕಿದರು.

ಅದೇ ವಾರ ಇನ್ನೊಬ್ಬ ಪ್ರಕಾಶಕನಿಂದ ಪರೀಕ್ಷೆಗೆಂದು ಬೇರೊಂದು ಕಾದಂಬರಿಯ ಏಳನೇ ಅಧ್ಯಾಯ ಬಂತು. ಕಹಕಶಾನ್ ಶ್ರೀವಿದ್ಯಾಗೆ ಫೋನ್ ಮಾಡಿ ಕೇಳಿದಳು: "ನಿಂಗೆಷ್ಟನೇದು ಬಂತೇ?"

"ಎಂಟನೇದು. ಅರ್ಧ ತಿದ್ದಾಯ್ತು."